ಜಾಮೀನಿಗೆ ಒದಗುವ ತೀರ್ಪು, ಮೇಲ್ಮನವಿಗೆ ಒದಗದು

ಕೆಲಸ ಬಿಡುವ ಮುನ್ನ ಆಫೀಸಿನ ಸರ್ವರ್‌ನಿಂದ ಕಡತ ಇಳಿಸಿಕೊಂಡ ಆರೋಪಿಗೆ ಬಾಂಬೆ ಹೈಕೋರ್ಟಿನ 2018ರ ಅಕ್ಟೋಬರ್ 26ರ ತೀರ್ಪೇ ರಕ್ಷಾಕವಚ ಎನ್ನುವವರಿದ್ದಾರೆ. ನವಿ ಮುಂಬೈನ ಐರೋಲಿಯ ಮೈಂಡ್‌ಸ್ಪೇಸ್‌ನಂಥ ಐಟಿ ಪಾರ್ಕಿನ ನೌಕರ ಈ ಮಾತು ನಂಬಿ ಮೇಲ್ಮನವಿಗೆ ಹೊರಟರೆ ಬರಿಗೈಯಲ್ಲಿ ಹೋದ ಹಾಗೆಯೇ.

ನ್ಯಾ. ರಂಜಿತ್ ಮೋರೆ, ನ್ಯಾ. ಭಾರತಿ ಡಾಂಗ್ರೆ ಅವರ ಪೀಠ ಮಾಡಿದ್ದಿಷ್ಟು: ಐಟಿ ಕಾಯ್ದೆಯ 43 ಮತ್ತು 66ನೇ ಕಲಮುಗಳು ಅನ್ವಯಿಸುವಾಗ ಅದೇ ಕೃತ್ಯಕ್ಕೆ ಐಪಿಸಿಯ 408 (ನೌಕರನ ನಂಬಿಕೆದ್ರೋಹ), 420 (ವಂಚನೆ) ಹಚ್ಚಕೂಡದು ಎಂದಿತು. ಲಾಭ ಸಣ್ಣದಲ್ಲ. 2024ರವರೆಗೆ ಜಾರಿಯಲ್ಲಿದ್ದ ಆ ಐಪಿಸಿ ಕಲಮುಗಳಿಗೆ ಏಳು ವರ್ಷದವರೆಗೆ ಶಿಕ್ಷೆ ಇತ್ತು, ಜಾಮೀನೂ ಹಕ್ಕಾಗಿರಲಿಲ್ಲ. 66ಕ್ಕೆ ಗರಿಷ್ಠ ಮೂರು ವರ್ಷ, ಜಾಮೀನು ಹಕ್ಕು. ಆದರೆ ಇದು ಎಫ್‌ಐಆರ್ ಹಂತದ ಲಾಭ. 66ರಡಿ ಶಿಕ್ಷೆಯಾದವನಿಗೆ ಇದರಿಂದ ಸಿಗುವುದೇನು?

ಪೀಠದ ತರ್ಕದ ಕೀಲು ಇಲ್ಲಿದೆ: 66ರಲ್ಲಿ ಅಪ್ರಾಮಾಣಿಕ ಉದ್ದೇಶ ಸೇರಿರುವುದರಿಂದ 408, 420ರ ಸತ್ವ ಅದರೊಳಗೇ ಅಡಗಿದೆ, ಎರಡರಡಿಯೂ ವಿಚಾರಣೆ ನಡೆದರೆ ಅದು ಒಂದೇ ತಪ್ಪಿಗೆ ಇಮ್ಮಡಿ ಶಿಕ್ಷೆ. 408ನ್ನು ಬಿಡಿಸಿ ನೋಡಿ. ಅದರ ಬೇರು ಮಾಲೀಕ ನೌಕರನಿಗೆ ಒಪ್ಪಿಸಿದ ಸ್ವತ್ತಿನಲ್ಲಿದೆ. 43ರ ಬೇರು ಮಾಲೀಕನ ಅನುಮತಿ ಇಲ್ಲದಿರುವುದರಲ್ಲಿದೆ. ಒಪ್ಪಿಸುವುದೆಂದರೆ ಬಹುಪಾಲು ಅನುಮತಿ ಕೊಟ್ಟಂತೆಯೇ. ಹೀಗೆ ಎದುರುಬದುರಾಗಿ ನಿಂತ ಎರಡು ಅಂಶಗಳಲ್ಲಿ ಒಂದು ಮತ್ತೊಂದರೊಳಗೆ ಅಡಗುವುದು ಹೇಗೆ? ಪಾಸ್‌ವರ್ಡ್ ಕೊಟ್ಟು ಕೂರಿಸಿದ ನೌಕರನಿಗೆ ಅನುಮತಿ ಎಲ್ಲಿಯವರೆಗಿತ್ತು ಎಂಬುದೇ ಮೇಲ್ಮನವಿಯ ಜೀವಾಳ. ತೀರ್ಪು ಅದನ್ನು ಇತ್ಯರ್ಥ ಮಾಡುವುದಿಲ್ಲ.

ಈ ಕೊರತೆ ಕಂಡವರು ಅಮೆರಿಕಕ್ಕೆ ಓಡುತ್ತಾರೆ. 2021ರ ಜೂನ್ 3ರ ವ್ಯಾನ್ ಬ್ಯೂರೆನ್ ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ, ಪ್ರವೇಶ ಇದ್ದವನ ಉದ್ದೇಶ ಕೆಟ್ಟದಾಗಿತ್ತೆಂಬ ಮಾತ್ರಕ್ಕೆ ಅಲ್ಲಿನ ಕಂಪ್ಯೂಟರ್ ವಂಚನೆ ಕಾಯ್ದೆಯಡಿ ಅಪರಾಧವಾಗದು ಎಂದಿತು. ಅದನ್ನು ಹಾಗೇ ಇಲ್ಲಿಗೆ ತರುವ ಟೀಕಾಕಾರರು ನಮ್ಮ 43ನ್ನು ಓದಿದಂತಿಲ್ಲ. ನಮ್ಮಲ್ಲಿ 43(ಎ) ಇರುವುದು ಪ್ರವೇಶಕ್ಕೆ, 43(ಬಿ) ಇಳಿಸಿಕೊಳ್ಳುವುದಕ್ಕೆ, ನಕಲಿಸುವುದಕ್ಕೆ. ಬಾಗಿಲು ತೆರೆದಿದ್ದರೂ ಕಡತ ಹೊತ್ತೊಯ್ಯಲು ಅನುಮತಿ ಬೇರೆಯೇ ಬೇಕು. ಮೇಲಾಗಿ 66 ಉದ್ದೇಶವನ್ನೇ ಕೇಳುತ್ತದೆ.

ಹಾಗಾದರೆ ಮ್ಯಾಜಿಸ್ಟ್ರೇಟರ ಶಿಕ್ಷೆಯ ವಿರುದ್ಧ 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಹೋಗುವವನು ಕೈಯಲ್ಲಿ ಏನು ಹಿಡಿಯಬೇಕು? ಮೊದಲು ನೇಮಕಾತಿ ಪತ್ರ, ಕಂಪನಿಯ ಐಟಿ ನಿಯಮ, ಅಡ್ಮಿನ್ ಕೊಟ್ಟ ಹಕ್ಕುಗಳ ಪಟ್ಟಿ. ಆಮೇಲೆ ಸರ್ವರ್‌ನ ಲಾಗ್. ಅದನ್ನು ಹಾಜರುಪಡಿಸುವುದು ಸಾಮಾನ್ಯವಾಗಿ ದೂರುದಾರ ಕಂಪನಿಯೇ. ಅದಕ್ಕೆ, 2024ರವರೆಗೆ ಜಾರಿಯಲ್ಲಿದ್ದ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಖಚಿತಪಡಿಸಿತು. ಪ್ರಮಾಣಪತ್ರವಿಲ್ಲದ ಇಂಥ ದಾಖಲೆಯನ್ನು ವಿಚಾರಣೆಯಲ್ಲೇ ವಿರೋಧಿಸದೆ ಮೇಲ್ಮನವಿಯಲ್ಲಿ ಆ ತಕರಾರು ಮೊದಲ ಬಾರಿ ಎತ್ತಲಾಗದೆಂದು ಅದೇ ಕೋರ್ಟ್ 2017ರಲ್ಲೇ ಹೇಳಿತ್ತು.

2018ರ ತೀರ್ಪು ಪೊಲೀಸರು ಕಲಮು ಪೇರಿಸುವುದಕ್ಕೆ ಕಡಿವಾಣ ಹಾಕಿತು. ಆ ಮಟ್ಟಿಗೆ ಅದಕ್ಕೆ ಮನ್ನಣೆ ಸಲ್ಲಲಿ. ಆದರೆ ಶಿಕ್ಷೆ ರದ್ದಾಗಬೇಕಾದರೆ ಅನುಮತಿಯನ್ನೂ ಉದ್ದೇಶವನ್ನೂ ಕೆಳಕೋರ್ಟಿನ ಪಾಟಿಸವಾಲಿನಲ್ಲೇ ಕೆದಕಿರಬೇಕು. ಅಲ್ಲಿ ಸುಮ್ಮನಿದ್ದ ವಕೀಲರನ್ನು ಈ ತೀರ್ಪು ಕಾಪಾಡದು.