ಜಪಾನಿನ ಖಡ್ಗ: ಆತ್ಮವೋ, ಕೃತಿಯೋ?

೧

ಜಪಾನಿನ ಖಡ್ಗವನ್ನು ಕುರಿತು ನಮ್ಮ ವಿದ್ಯಾವಂತರು ಆಡುವ ಮಾತುಗಳಲ್ಲಿ ಬಹುಮಟ್ಟಿಗೆ ಎರಡು ಇಂಗ್ಲಿಷ್ ಗ್ರಂಥಗಳ ಪ್ರತಿಧ್ವನಿ ಕೇಳಿಬರುತ್ತದೆ. ಒಂದು, ನಿತೊಬೆ ಇನಾಜೊ ಅವರು 1899ರ ಕೊನೆಯಲ್ಲಿ ಮುನ್ನುಡಿ ಬರೆದು ಮುಗಿಸಿದ ‘ಬುಷಿದೊ’. ಇನ್ನೊಂದು, ರೂತ್ ಬೆನೆಡಿಕ್ಟ್ ಅವರು 1946ರಲ್ಲಿ ಪ್ರಕಟಿಸಿದ ‘ಸೇವಂತಿಗೆ ಮತ್ತು ಖಡ್ಗ’. ಮೊದಲನೆಯದರಲ್ಲಿ ಖಡ್ಗವು ಸಮುರಾಯಿಯ ಆತ್ಮ. ಎರಡನೆಯದರಲ್ಲಿ ಅದು ಒಂದು ಜನಾಂಗದ ಶೀಲದ ಅರ್ಧಭಾಗ. ಎರಡೂ ಗಣ್ಯ ಗ್ರಂಥಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇವೆರಡನ್ನೂ ಆಮೂಲಾಗ್ರವಾಗಿ ಓದಿದವನ ಮುಂದೆ ಎರಡು ಖಡ್ಗಗಳನ್ನಿಟ್ಟು, ಇವುಗಳಲ್ಲಿ ಉತ್ತಮವಾದುದು ಯಾವುದು, ಏಕೆ ಎಂದು ಕೇಳಿದರೆ ಅವನು ನಿರುತ್ತರನಾಗುತ್ತಾನೆ. ಈ ಕೊರತೆ ಅಲ್ಪವೆಂದು ತೋರಬಹುದು. ಒಂದು ಪರಂಪರೆ ಯಾವುದರ ಬಲದಿಂದ ಉಳಿಯುತ್ತದೆ ಎಂಬ ಪ್ರಶ್ನೆಯೇ ಈ ಕೊರತೆಯಲ್ಲಿ ಅಡಗಿದೆಯೆಂದು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲು ನಿತೊಬೆಯವರ ಗ್ರಂಥವನ್ನು ತೆಗೆದುಕೊಳ್ಳೋಣ. ಅವರು 1862ರಲ್ಲಿ ಮೊರಿಯೊಕ ಪಟ್ಟಣದ ಸಮುರಾಯಿ ಮನೆತನದಲ್ಲಿ ಹುಟ್ಟಿದವರು. ಕ್ರೈಸ್ತಮತವನ್ನು ಸ್ವೀಕರಿಸಿ, ಫಿಲಡೆಲ್ಫಿಯಾದ ಕ್ವೇಕರ್ ಕುಟುಂಬದ ಕನ್ಯೆಯನ್ನು ಮದುವೆಯಾದವರು. ಮುಂದೆ ರಾಷ್ಟ್ರಸಂಘದ ಉಪ ಮಹಾಕಾರ್ಯದರ್ಶಿಯಾಗಿ ಕೀರ್ತಿ ಪಡೆದವರು. ಅವರ ಗ್ರಂಥದ ಮೂಲ ಒಂದು ಸಂಭಾಷಣೆಯಲ್ಲಿದೆ. ನಿಮ್ಮ ಶಾಲೆಗಳಲ್ಲಿ ಮತಬೋಧೆಯಿಲ್ಲವೆಂದ ಮೇಲೆ ನೀತಿಯನ್ನು ಕಲಿಸುವ ಬಗೆ ಹೇಗೆ ಎಂದು ಬೆಲ್ಜಿಯಮ್ಮಿನ ನ್ಯಾಯಶಾಸ್ತ್ರಜ್ಞರೊಬ್ಬರು ಕೇಳಿದರಂತೆ. ಆಗ ಉತ್ತರ ತೋಚದೆ ಹೋಯಿತೆಂದು ನಿತೊಬೆಯವರೇ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾರೆ. ಅನಂತರ ಅವರಿಗೆ ಹೊಳೆದ ಉತ್ತರವೇ ‘ಬುಷಿದೊ’, ಅಂದರೆ ಯೋಧಧರ್ಮ. ಹೀಗೆ ಪರದೇಶದಲ್ಲಿ, ಪರಭಾಷೆಯಲ್ಲಿ, ಪರಕೀಯರ ಪ್ರಶ್ನೆಗೆ ಸಮಾಧಾನವಾಗಿ ಹುಟ್ಟಿದ ಗ್ರಂಥ ಇದು. ಯೂರೋಪಿನ ವೀರಧರ್ಮದೊಡನೆ, ಕ್ರೈಸ್ತ ಶಾಸ್ತ್ರದೊಡನೆ ಪುಟಪುಟಕ್ಕೂ ನಡೆಯುವ ಹೋಲಿಕೆ ಅದರ ಶಕ್ತಿಯೂ ಹೌದು, ಅದರ ದೌರ್ಬಲ್ಯವೂ ಹೌದು. ಜಪಾನನ್ನು ಚೆನ್ನಾಗಿ ಬಲ್ಲ ಬೇಸಿಲ್ ಹಾಲ್ ಚೇಂಬರ್ಲೇನ್ ಅವರು 1912ರಲ್ಲಿಯೇ ಈ ಬುಷಿದೊ ಮತವು ತೀರ ಈಚಿನ ನಿರ್ಮಾಣವೆಂದು ತೀಕ್ಷ್ಣವಾಗಿ ವಾದಿಸಿದರು.

ಖಡ್ಗಕ್ಕೆಂದೇ ಮೀಸಲಾದ ಅಧ್ಯಾಯದಲ್ಲಿ ನಿತೊಬೆಯವರು ಕಮ್ಮಾರನನ್ನು ಕಲಾವಿದನೆಂದು ಹೊಗಳಿದ್ದಾರೆ. ಅವನ ಕುಲುಮೆಯನ್ನು ಗುಡಿಗೆ ಹೋಲಿಸಿದ್ದಾರೆ. ಒರೆಯಿಂದ ಕತ್ತಿ ಹೊರಬಾರದಂತೆ ಬಿಗಿದು ಕಟ್ಟಿಕೊಂಡಿದ್ದ ಕಾತ್ಸು ಕೈಷುವಿನ ನಿದರ್ಶನವನ್ನು ಕೊಟ್ಟು, ಖಡ್ಗದ ಪರಮಾದರ್ಶವು ಶಾಂತಿಯೆಂದು ಮುಕ್ತಾಯಗೊಳಿಸಿದ್ದಾರೆ. ಇದು ಉದಾತ್ತವಾದ ಮಾತು. ಆದರೆ ಅಲ್ಲಿ ಖಡ್ಗವು ನೀತಿಗೆ ದೃಷ್ಟಾಂತವಾಗಿ ಬಂದು, ನೀತಿಯನ್ನು ಹೇಳಿ ಮುಗಿಸಿದೊಡನೆ ಮರೆಗೆ ಸರಿಯುತ್ತದೆ.

ಬೆನೆಡಿಕ್ಟ್ ಅವರ ಸನ್ನಿವೇಶ ಬೇರೆ. 1944ರ ಜೂನ್ ತಿಂಗಳಲ್ಲಿ, ಯುದ್ಧ ನಡೆಯುತ್ತಿರುವಾಗ, ಅಮೆರಿಕದ ಸರ್ಕಾರ ಶತ್ರುವಿನ ಸ್ವಭಾವವನ್ನು ಅರಿತು ತಿಳಿಸುವ ಕೆಲಸವನ್ನು ಅವರಿಗೆ ವಹಿಸಿತು. ಅವರು ಜಪಾನಿಗೆ ಹೋದವರಲ್ಲ. ಅಮೆರಿಕದಲ್ಲಿ ನೆಲಸಿದ್ದ ಜಪಾನೀಯರನ್ನು ಕಂಡು ಮಾತಾಡಿ, ಪುಸ್ತಕಗಳನ್ನು ಓದಿ, ಚಲಚ್ಚಿತ್ರಗಳನ್ನು ನೋಡಿ ಗ್ರಂಥವನ್ನು ರಚಿಸಿದರು. ಗ್ರಂಥದ ಆರಂಭದಲ್ಲಿ ಖಡ್ಗವು ಆಕ್ರಮಣದ ಸಂಕೇತ. ಕೊನೆಗೆ ಬರುವಾಗ ಅದು ಆತ್ಮಜವಾಬ್ದಾರಿಯ ಸಂಕೇತವಾಗುತ್ತದೆ. ತಾನು ಧರಿಸಿದ ಖಡ್ಗದ ತುಕ್ಕಿಗೆ ತಾನೇ ಹೊಣೆ ಎಂಬ ಜಪಾನೀ ಭಾವನೆಯನ್ನು ಹಿಡಿದು, ಸೋತ ದೇಶದ ಪುನರುತ್ಥಾನಕ್ಕೆ ಈ ಗುಣ ಆಧಾರವಾಗಬಲ್ಲದೆಂದು ಅವರು ಸೂಚಿಸುತ್ತಾರೆ. ಲೇಖಕಿಯ ಔದಾರ್ಯಕ್ಕೆ ಇದು ಸಾಕ್ಷಿ. ಆದರೂ ಖಡ್ಗವು ಇಲ್ಲಿಯೂ ರೂಪಕವೇ ಸರಿ. ಖಡ್ಗದ ತುಕ್ಕನ್ನು ಜಪಾನಿನ ತಜ್ಞರು ನಿಜವಾಗಿ ಹೇಗೆ ಕಾಣುತ್ತಾರೆಂಬುದನ್ನು ನೋಡಿದರೆ, ರೂಪಕಕ್ಕೂ ವಸ್ತುವಿಗೂ ಇರುವ ಅಂತರ ಮನದಟ್ಟಾಗುತ್ತದೆ.

೩

ಖಡ್ಗಕ್ಕೆ ಬೇಕಾದ ಉಕ್ಕಿಗೆ ‘ತಮಾಹಗಾನೆ’ ಎಂದು ಹೆಸರು. ಕಬ್ಬಿಣದ ಮರಳನ್ನೂ ಇದ್ದಿಲನ್ನೂ ‘ತತಾರ’ ಎಂಬ ಮಣ್ಣಿನ ಕುಲುಮೆಯಲ್ಲಿ ಮೂರು ಹಗಲು ಮೂರು ರಾತ್ರಿ ಎಡೆಬಿಡದೆ ಉರಿಸಿ, ಕೊನೆಗೆ ಕುಲುಮೆಯನ್ನೇ ಒಡೆದು ಗಟ್ಟಿಯನ್ನು ಹೊರತೆಗೆಯುತ್ತಾರೆ. ಕಮ್ಮಾರನು ಅದರಲ್ಲಿ ಆಯ್ದ ತುಂಡುಗಳನ್ನು ಕಾಯಿಸಿ, ಬಡಿದು, ಮಡಿಸಿ, ಮತ್ತೆ ಬಡಿಯುತ್ತಾನೆ. ಇದರಿಂದ ಲೋಹದ ಮೈಯಲ್ಲಿ ಮರದ ಎಳೆಗಳನ್ನು ಹೋಲುವ ವಿನ್ಯಾಸ ಮೂಡುತ್ತದೆ. ಆಮೇಲೆ ಅಲಗಿಗೆ ಜೇಡಿಮಣ್ಣನ್ನು ಬೆನ್ನಿನ ಕಡೆ ದಪ್ಪವಾಗಿಯೂ ಬಾಯಿಯ ಕಡೆ ತೆಳುವಾಗಿಯೂ ಬಳಿದು, ಕೆಂಪಗೆ ಕಾಯಿಸಿ, ನೀರಿನಲ್ಲಿ ಅದ್ದುತ್ತಾನೆ. ಬಾಯಿಯ ಭಾಗ ಥಟ್ಟನೆ ತಣಿದು ಗಡುಸಾಗುತ್ತದೆ. ಬೆನ್ನು ಮೆಲ್ಲಗೆ ತಣಿದು ಬಳುಕುವ ಗುಣವನ್ನು ಉಳಿಸಿಕೊಳ್ಳುತ್ತದೆ. ಎರಡರ ನಡುವಣ ಗಡಿಯೇ ‘ಹಾಮೊನ್’ ಎಂಬ ರೇಖೆ. ಅದು ಕೆಲವೆಡೆ ನೇರವಾಗಿ, ಕೆಲವೆಡೆ ಅಲೆಯಲೆಯಾಗಿ, ಕೆಲವೆಡೆ ಲವಂಗದ ಮೊಗ್ಗಿನ ಸಾಲಿನಂತೆ ತೋರುತ್ತದೆ. ಕಮ್ಮಾರನ ಪಂಥವೂ ಅವನ ಪ್ರತಿಭೆಯೂ ಈ ರೇಖೆಯಲ್ಲಿ ಗೋಚರಿಸುತ್ತವೆ.

ಹಿಡಿಯೊಳಗೆ ಅಡಗಿರುವ ಕಬ್ಬಿಣದ ಭಾಗಕ್ಕೆ ‘ನಾಕಾಗೊ’ ಎನ್ನುತ್ತಾರೆ. ಕಮ್ಮಾರನು ತನ್ನ ಹೆಸರನ್ನೂ ಕೆಲವೊಮ್ಮೆ ಊರನ್ನೂ ವರ್ಷವನ್ನೂ ಕೊರೆಯುವುದು ಇದರ ಮೇಲೆ. ಸಾಣೆಗಾರನು ಅಲಗನ್ನು ಕನ್ನಡಿಯಂತೆ ಬೆಳಗುತ್ತಾನೆ. ನಾಕಾಗೊವನ್ನು ಮಾತ್ರ ಮುಟ್ಟುವುದಿಲ್ಲ. ಅಲ್ಲಿನ ತುಕ್ಕಿನ ಬಣ್ಣ ಕಾಲನಿರ್ಣಯಕ್ಕೆ ಪ್ರಮಾಣ. ಅದನ್ನು ಉಜ್ಜಿ ತೆಗೆದವನು ಸಾಕ್ಷ್ಯವನ್ನು ನಾಶಮಾಡಿದಂತೆ. ಬೆನೆಡಿಕ್ಟ್ ಅವರಿಗೆ ತುಕ್ಕು ದೋಷದ ಸಂಕೇತವಾದರೆ, ಪರೀಕ್ಷಕನಿಗೆ ನಾಕಾಗೊವಿನ ತುಕ್ಕು ಇತಿಹಾಸದ ಒಂದು ಪುಟ.

ಈ ಪರೀಕ್ಷೆಗೆ ‘ಕಾಂತೆಯಿ’ ಎಂದು ಹೆಸರು. ಹೊನಾಮಿ ಎಂಬ ಮನೆತನದವರು ತಲೆಮಾರುಗಳ ಕಾಲ ಖಡ್ಗಗಳಿಗೆ ಸಾಣೆ ಹಿಡಿಯುವುದನ್ನೂ ಅವುಗಳ ಗುಣನಿರ್ಣಯ ಮಾಡುವುದನ್ನೂ ವೃತ್ತಿಯಾಗಿಸಿಕೊಂಡಿದ್ದರು. ಲಿಪಿಕಲೆಯಲ್ಲಿ ಹೆಸರಾದ ಹೊನಾಮಿ ಕೋಯೆತ್ಸು ಈ ಮನೆಯವನೇ. ಷೋಗುನ್ ಯೋಷಿಮುನೆಯ ಅಪ್ಪಣೆಯಂತೆ 1719ರಲ್ಲಿ ಪ್ರಸಿದ್ಧ ಖಡ್ಗಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದವರೂ ಇವರೇ. ಇಂದಿಗೂ ಖಡ್ಗಪ್ರೇಮಿಗಳ ಕೂಟಗಳಲ್ಲಿ ನಾಕಾಗೊವನ್ನು ಮುಚ್ಚಿ ಅಲಗನ್ನು ಮುಂದಿಡುತ್ತಾರೆ. ಬಂದವರು ಆಕಾರ, ಬಾಗು, ಮೈಯ ವಿನ್ಯಾಸ, ಹಾಮೊನ್ ಇವುಗಳನ್ನು ನೋಡಿ, ಕರ್ತೃವಿನ ಹೆಸರನ್ನು ಬರೆದು ಕೊಡಬೇಕು. ಅದೇ ಪಂಥದ ಸಮೀಪದ ಕಮ್ಮಾರನನ್ನು ಹೆಸರಿಸಿದವನಿಗೂ ಮನ್ನಣೆಯುಂಟು. ಏಕೆಂದರೆ ಅವನ ಕಣ್ಣು ಸರಿಯಾಗಿ ನೋಡಿದೆ. ಕೇಂಬ್ರಿಜ್‌ನಲ್ಲಿ ಐ. ಎ. ರಿಚರ್ಡ್ಸ್ ಅವರು ಕವಿಯ ಹೆಸರನ್ನು ಮರೆಮಾಡಿ ಪದ್ಯಗಳನ್ನು ಹಂಚಿ, ಬಂದ ಅಭಿಪ್ರಾಯಗಳನ್ನು 1929ರ ತಮ್ಮ ಗ್ರಂಥದಲ್ಲಿ ಪರಿಶೀಲಿಸಿದುದು ಸಾಹಿತ್ಯಾಭ್ಯಾಸಿಗಳಿಗೆ ತಿಳಿದದ್ದೇ. ಕಾಂತೆಯಿ ಅದೇ ಜಾತಿಯ ಶಿಸ್ತು. ಆದುದರಿಂದ ಅದನ್ನು ವಿಮರ್ಶೆಯೆಂದು ಕರೆಯಲು ನಾವು ಹಿಂಜರಿಯಬೇಕಾಗಿಲ್ಲ.

೪

ಆತ್ಮವಾದಕ್ಕೂ ಈ ವಿಮರ್ಶೆಗೂ ಇರುವ ವ್ಯತ್ಯಾಸ ಕೇವಲ ಪಂಡಿತರ ಚರ್ಚೆಯಾಗಿ ಉಳಿಯಲಿಲ್ಲ. 1876ರಲ್ಲಿ ಮೇಜಿ ಸರ್ಕಾರ, ಸೈನಿಕರು, ಪೊಲೀಸರು ಮೊದಲಾದವರ ಹೊರತು ಉಳಿದವರು ಖಡ್ಗ ಧರಿಸುವುದನ್ನು ನಿಷೇಧಿಸಿತು. ಕಮ್ಮಾರರಲ್ಲಿ ಬಹುಮಂದಿ ಕೂಡುಗತ್ತಿ, ಕುಡುಗೋಲು ಮಾಡುವವರಾದರು. ವೃತ್ತಿ ಅಳಿಯುತ್ತಿದ್ದ ಕಾಲದಲ್ಲಿ, 1906ರಲ್ಲಿ, ಗಸ್ಸಾನ್ ಸಾದಾಕಾಜು ಮತ್ತು ಮಿಯಾಮೊತೊ ಕಾನೆನೊರಿ ಎಂಬ ಇಬ್ಬರು ಕಮ್ಮಾರರನ್ನು ಅರಮನೆಯ ಕಲಾವಿದರನ್ನಾಗಿ ನೇಮಿಸಲಾಯಿತು. 1930ರ ದಶಕದಲ್ಲಿ ಸೈನ್ಯಾಧಿಕಾರಕ್ಕೆ ‘ಯೋಧನ ಆತ್ಮ’ ಮತ್ತೆ ಬೇಕಾಯಿತು. ಕಾರ್ಖಾನೆಯಲ್ಲಿ ರಾಶಿರಾಶಿಯಾಗಿ ತಯಾರಾದ ಕತ್ತಿಗಳು ಅಧಿಕಾರಿಗಳ ಸೊಂಟಕ್ಕೇರಿದವು. ಆತ್ಮವಾದಕ್ಕೆ ಅವೂ ಆತ್ಮವೇ. ಪರೀಕ್ಷಕನ ಕಣ್ಣಿಗೆ ಅವು ಕಬ್ಬಿಣದ ಪಟ್ಟಿಗಳು.

1945ರಲ್ಲಿ ಈ ವಾದವೇ ತಿರುಗಿಬಿತ್ತು. ಖಡ್ಗವು ಯುದ್ಧೋನ್ಮಾದದ ಆತ್ಮವಾಗಿದ್ದರೆ ಅದನ್ನು ನಾಶಮಾಡುವುದೇ ನ್ಯಾಯವೆಂದು ಗೆದ್ದವರಿಗೆ ತೋರಿದುದು ಸಹಜ. ಆಯುಧಗಳನ್ನೆಲ್ಲ ಒಪ್ಪಿಸಬೇಕೆಂಬ ಆಜ್ಞೆ ಹೊರಟಿತು. ಮನೆಮನೆಯ ಖಡ್ಗಗಳು ಪೊಲೀಸ್ ಠಾಣೆಗಳಲ್ಲಿ ರಾಶಿಬಿದ್ದವು. ಮಾಸಾಮುನೆಯ ಕೃತಿಗಳಲ್ಲಿ ಅತಿ ಪ್ರಖ್ಯಾತವಾದ, 1939ರಲ್ಲಿ ರಾಷ್ಟ್ರದ ನಿಧಿಯೆಂದು ಮಾನ್ಯವಾಗಿದ್ದ ‘ಹೊಂಜೊ ಮಾಸಾಮುನೆ’ಯನ್ನು ತೊಕುಗಾವಾ ಮನೆತನದವರು ತೋಕಿಯೊದ ಮೆಜಿರೊ ಠಾಣೆಗೆ ಒಪ್ಪಿಸಿದರು. ಅಂದಿನಿಂದ ಅದರ ಸುಳಿವಿಲ್ಲ.

ಆಗ ಹೊನ್ಮಾ ಜುಂಜಿ ಮೊದಲಾದ ತಜ್ಞರು ಆಕ್ರಮಣ ಸೇನೆಯ ಅಧಿಕಾರಿ ಕರ್ನಲ್ ಕ್ಯಾಡ್ವೆಲ್ ಅವರನ್ನು ಕಂಡು ವಾದಿಸಿದರು. ‘ಇದು ನಮ್ಮ ಆತ್ಮ’ ಎಂಬ ವಾದಕ್ಕೆ ಆ ಸಂದರ್ಭದಲ್ಲಿ ಬೆಲೆಯಿರಲಿಲ್ಲ. ಅದೇ ಅಪರಾಧದ ಒಪ್ಪಿಗೆಯಂತಾಗುತ್ತಿತ್ತು. ಈ ಅಲಗು ಹದಿಮೂರನೆಯ ಶತಮಾನದ್ದು, ಇಂಥ ಸೀಮೆಯದು, ಇಂಥವನ ಕೃತಿ, ಈ ಕಾರಣಗಳಿಂದ ಶ್ರೇಷ್ಠ. ಅದು ಯಂತ್ರದಲ್ಲಿ ತಯಾರಾದದ್ದು, ಅದಕ್ಕೆ ಈ ಬೆಲೆಯಿಲ್ಲ ಎಂದು ಬೇರ್ಪಡಿಸಿ ತೋರಿಸಬಲ್ಲ ವಿವೇಕವೇ ಅಲ್ಲಿ ಕೆಲಸ ಮಾಡಿದ್ದು. 1946ರಲ್ಲಿ ತಜ್ಞರ ಪರೀಕ್ಷೆಯಲ್ಲಿ ಕಲಾಕೃತಿಗಳೆಂದು ತೇರ್ಗಡೆಯಾದ ಖಡ್ಗಗಳನ್ನು ಇಟ್ಟುಕೊಳ್ಳಲು ಅನುಮತಿ ದೊರೆಯಿತು. 1948ರಲ್ಲಿ ಖಡ್ಗಕಲೆಯ ಸಂರಕ್ಷಣ ಸಂಘ ಸ್ಥಾಪಿತವಾಯಿತು. ಆ ಸಂಘವೇ 1977ರಲ್ಲಿ ಶಿಮಾನೆ ಪ್ರಾಂತದಲ್ಲಿ ಆರಿಹೋಗಿದ್ದ ತತಾರದ ಬೆಂಕಿಯನ್ನು ಮತ್ತೆ ಹೊತ್ತಿಸಿತು. ಇಂದು ಅಲ್ಲಿ ಖಡ್ಗ ಮಾಡಬೇಕೆನ್ನುವವನು ಐದು ವರ್ಷ ಗುರುವಿನ ಬಳಿ ದುಡಿದು ಸರ್ಕಾರದ ಪರವಾನಗಿ ಪಡೆಯಬೇಕು. ಉದ್ದ ಖಡ್ಗಗಳಾದರೆ ತಿಂಗಳಿಗೆ ಎರಡಕ್ಕಿಂತ ಹೆಚ್ಚು ಮಾಡುವಂತಿಲ್ಲ.

೫

ಈಚಿನ ಒಂದು ಬೆಳವಣಿಗೆಯನ್ನೂ ಇಲ್ಲಿ ಪರಿಶೀಲಿಸುವುದು ಉಚಿತ. 2015ರಲ್ಲಿ ಜಪಾನಿನಲ್ಲಿ ‘ತೋಕೆನ್ ರಾನ್ಬು’ ಎಂಬ ಗಣಕಯಂತ್ರದ ಆಟ ಆರಂಭವಾಯಿತು. ಅದರಲ್ಲಿ ಪ್ರಸಿದ್ಧ ಖಡ್ಗಗಳೆಲ್ಲ ಸುಂದರ ತರುಣರ ರೂಪ ತಾಳಿವೆ. ಆಟವನ್ನು ಮೆಚ್ಚಿದ ಯುವತಿಯರು ವಸ್ತುಸಂಗ್ರಹಾಲಯಗಳ ಮುಂದೆ ಸಾಲುಗಟ್ಟಿದರು. ಗಾಜಿನ ಪೆಟ್ಟಿಗೆಯಲ್ಲಿರುವ ಅಲಗನ್ನು ಪ್ರಿಯತಮನನ್ನು ನೋಡುವಂತೆ ನೋಡಿ ನಿಲ್ಲುವ ಈ ಹೆಣ್ಣುಮಕ್ಕಳನ್ನು ಕಂಡು ಹಳೆಯ ರಸಿಕರು ಹುಬ್ಬು ಗಂಟಿಕ್ಕಿದ್ದರೆ ಆಶ್ಚರ್ಯವಿಲ್ಲ. ಆತ್ಮವಾದದ ಗಂಭೀರ ವೇಷ ಕಳಚಿ ಶೃಂಗಾರದ ವೇಷ ಬಂದಿತಷ್ಟೆ ಎಂದು ನಮಗೂ ಮೊದಲು ಅನಿಸಬಹುದು.

ಆದರೆ ಫಲವನ್ನು ನೋಡಿ ತೀರ್ಪು ಕೊಡಬೇಕು. ಯಮಾನ್ಬಾಗಿರಿ ಕುನಿಹಿರೊ ಎಂಬ ಖಡ್ಗವನ್ನು ಕುನಿಹಿರೊ ಎಂಬ ಕಮ್ಮಾರನು 1590ರಲ್ಲಿ, ಬಿಜೆನ್ ಸೀಮೆಯ ಚೋಗಿ ಎಂಬ ಹಿಂದಿನ ಕಾಲದ ಕಮ್ಮಾರನ ಖಡ್ಗವನ್ನು ಮಾದರಿಯಾಗಿಟ್ಟುಕೊಂಡು, ಅಷಿಕಾಗಾದ ಒಡೆಯನಿಗಾಗಿ ಮಾಡಿದನು. ಆಟದಲ್ಲಿ ಈ ಖಡ್ಗಪುರುಷನಿಗೆ ತಾನು ಪ್ರತಿಕೃತಿಯೆಂಬ ಕೊರಗು. ತಾನು ಯಾರು ಎಂಬ ಪ್ರಶ್ನೆ ಅವನನ್ನು ಬಾಧಿಸುತ್ತದೆ. ಹೊಸ ತಲೆಮಾರಿನ ಮನಸ್ಸಿಗೆ ಇದು ಹತ್ತಿರವಾದ ಪ್ರಶ್ನೆ. ಉತ್ತರವನ್ನು ಹುಡುಕುತ್ತ ಹೋದವರಿಗೆ ಪರೀಕ್ಷಕರ ಒಂದು ಪಾರಿಭಾಷಿಕ ಪದ ಎದುರಾಯಿತು: ‘ಉತ್ಸುಷಿ’. ಅದು ನಕಲೂ ಅಲ್ಲ, ಮೋಸವೂ ಅಲ್ಲ. ಹಿರಿಯನ ಕೃತಿಯನ್ನು ಅಭ್ಯಾಸಮಾಡಿ ತನ್ನ ಕೈಯಿಂದ ಮತ್ತೆ ಸೃಷ್ಟಿಸುವುದು. ವ್ಯಾಸಭಾರತವನ್ನು ಕನ್ನಡದಲ್ಲಿ ಮರುಸೃಷ್ಟಿಸಿದ ಪಂಪನನ್ನು ಓದಿದ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಕುನಿಹಿರೊನ ಈ ಖಡ್ಗ ಅವನ ಶ್ರೇಷ್ಠ ಕೃತಿಯೆಂದು ಎಣಿಕೆಯಾಗಿದೆ. 2017ರಲ್ಲಿ ಅಷಿಕಾಗಾದಲ್ಲಿ ಅದರ ಪ್ರದರ್ಶನ ನಡೆದಾಗ ಜನ ದೂರದೂರದಿಂದ ಬಂದರು. ಯುದ್ಧಾನಂತರ ಕಳೆದುಹೋದ, ಅಸೊ ದೇವಾಲಯದ ‘ಹೊತಾರುಮಾರು’ ಖಡ್ಗವನ್ನು ಮತ್ತೆ ಮಾಡಿಸಲು ಕಮ್ಮಾರರು 2015ರಲ್ಲಿ 55 ಲಕ್ಷ ಯೆನ್ ಬೇಡಿದಾಗ ನಾಲ್ಕು ಕೋಟಿಗೂ ಮಿಕ್ಕ ಹಣ ಕೂಡಿತು. ಮೋಹದಿಂದ ಬಂದವರಲ್ಲಿ ಕೆಲವರಾದರೂ ಹಾಮೊನನ್ನು ಓದುವುದನ್ನು ಕಲಿತರು. ಮೋಹ ಬಾಗಿಲಾಗಬಹುದು, ಒಳಗೆ ಕಲಿಸುವವರು ಇದ್ದುದರಿಂದ ಬಂದವರು ಅಲ್ಲಿ ನಿಂತರು.

೬

ಕಬ್ಬಿಣದ ವಿಷಯದಲ್ಲಿ ಕನ್ನಡಕ್ಕೂ ಒಂದು ಪಾಲುಂಟು. ಯೂರೋಪಿನ ವಿಜ್ಞಾನಿಗಳು 1795ರ ಸುಮಾರಿಗೆ ‘ವೂಟ್ಜ್’ ಎಂದು ಕರೆದು ಪರೀಕ್ಷಿಸಿದ ದಕ್ಷಿಣ ಭಾರತದ ಉಕ್ಕಿನ ಹೆಸರು ನಮ್ಮ ‘ಉಕ್ಕು’ ಶಬ್ದದಿಂದಲೇ ಬಂದಿತೆಂಬುದು ವಿದ್ವಾಂಸರಲ್ಲಿ ಬಹುವಾಗಿ ಮಾನ್ಯವಾದ ಅಭಿಪ್ರಾಯ. ಮೈಸೂರು ಸೀಮೆಯ ಮೂಸೆಗಳಲ್ಲಿ ಉಕ್ಕು ಸಿದ್ಧವಾಗುತ್ತಿದ್ದ ಕ್ರಮವನ್ನು ಬುಕನನ್ 1800ರ ತನ್ನ ಪ್ರವಾಸದಲ್ಲಿ ಕಂಡು ಬರೆದಿಟ್ಟಿದ್ದಾನೆ. ಶಬ್ದ ಉಳಿಯಿತು, ಮೂಸೆ ಹಿಡಿದವರ ಹೆಸರು ನಮ್ಮಲ್ಲಿ ಉಳಿಯಲಿಲ್ಲ.

ಹೆಸರು ಉಳಿದಿರುವ ಕಡೆ ನಾವು ಮಾಡಿರುವುದಾದರೂ ಏನು? ಬೇಲೂರಿನ ವಿಗ್ರಹಗಳ ಕೆಳಗೆ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರನ್ನು ಕೊರೆದಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ ಕೊರೆದಿದ್ದಾನೆ. ಶಾಸನಗಳ ಆಧಾರವಿಲ್ಲದ ಜಕಣಾಚಾರಿಯ ಕತೆಯನ್ನು ನಾವು ಹಾಡಿ ಹೊಗಳಿದ್ದೇವೆ. ದಾಸೋಜನ ಉಳಿಗೂ ಮಲ್ಲಿತಮ್ಮನ ಉಳಿಗೂ ಇರುವ ಭೇದವನ್ನು ಕಲ್ಲನ್ನು ನೋಡಿ ಹೇಳಬಲ್ಲವರು ನಮ್ಮ ಕೂಟಗಳಲ್ಲಿ ಎಷ್ಟು ಮಂದಿ?

ನಾಡಿನಿಂದ ದೂರವಿರುವ ನಾವು ಈ ಪ್ರಶ್ನೆಯನ್ನು ವಿಶೇಷವಾಗಿ ಕೇಳಿಕೊಳ್ಳಬೇಕಾಗಿದೆ. ಮುಂಬಯಿಯಲ್ಲಾಗಲಿ ದೆಹಲಿಯಲ್ಲಾಗಲಿ ನೆರೆಯವರು ನಿಮ್ಮ ಸಂಸ್ಕೃತಿ ಏನು ಎಂದು ಕೇಳಿದಾಗ ನಮಗೂ ನಿತೊಬೆಯವರಿಗೆ ಒದಗಿದ ಇಕ್ಕಟ್ಟೇ ಒದಗುತ್ತದೆ. ಅವರಂತೆಯೇ ನಾವೂ ಒಂದು ‘ಆತ್ಮ’ವನ್ನು ರಚಿಸಿ ಕೊಡುತ್ತೇವೆ. ಸಭೆಯಲ್ಲಿ ಅದು ಚೆನ್ನಾಗಿ ಒಪ್ಪುತ್ತದೆ. ನಮ್ಮ ಮಕ್ಕಳು ಒಂದು ವಚನವನ್ನೋ ಒಂದು ಶಿಲ್ಪವನ್ನೋ ಮುಂದಿಟ್ಟುಕೊಂಡು, ಇದು ಏಕೆ ಒಳ್ಳೆಯದು ಎಂದು ಕೇಳುವ ದಿನ ಆ ಉತ್ತರ ಸಾಲದು. ಹೆಸರನ್ನು ಮುಚ್ಚಿಟ್ಟು ಕೃತಿಯನ್ನು ಓದುವ ಕೂಟವೊಂದನ್ನು ನಮ್ಮ ಸಂಘಗಳು ತಿಂಗಳಿಗೊಮ್ಮೆ ನಡೆಸುವುದಾದರೆ, ಸಂಖ್ಯೆಯಲ್ಲಿ ಅದು ಚಿಕ್ಕದಾದೀತು. ಅಲ್ಲಿ ಕುಳಿತವರಿಗೆ ಆ ಪ್ರಶ್ನೆಗೆ ಕೊಡಲು ಒಂದು ಉತ್ತರವಿರುತ್ತದೆ.