ಚೀಟಿಯೂ ಪಠ್ಯವೇ: ಹಳೆಯ ಸಿನಿಮಾ ಪೋಸ್ಟರುಗಳ ಜೀರ್ಣೋದ್ಧಾರವನ್ನು ಕುರಿತು

ಹರಿದು ಮಾಸಿದ ಹಳೆಯ ಸಿನಿಮಾ ಪೋಸ್ಟರನ್ನು ಹೊಸದರಂತೆ ಸರಿಪಡಿಸಬೇಕೆ, ಸವೆದ ಸ್ಥಿತಿಯಲ್ಲಿಯೇ ಉಳಿಸಿಕೊಳ್ಳಬೇಕೆ ಎಂಬ ವಾದ ಸಂಗ್ರಾಹಕರ ನಡುವೆ ಬಹುಕಾಲದಿಂದ ನಡೆದಿದೆ. ಅಂದವನ್ನೂ ಬೆಲೆಯನ್ನೂ ಅಳತೆಗೋಲಾಗಿಟ್ಟುಕೊಂಡ ಈ ವಾದದಲ್ಲಿ ಪೋಸ್ಟರಿನ ಮೇಲಿನ ಬರಹದ ಕಡೆಗೆ ಗಮನ ಹರಿದದ್ದು ಕಡಿಮೆ. ಗಡಿಯಾಚೆಯ ಕನ್ನಡದ ಅಧ್ಯಯನಕ್ಕಾದರೋ ಆ ಬರಹವೇ ಮುಖ್ಯ ಆಕರ.

ಅಮೆರಿಕದಲ್ಲಿ ಈ ಕೆಲಸಕ್ಕೊಂದು ರೂಢಿಯ ಕ್ರಮವಿದೆ. 27 ಅಂಗುಲ ಅಗಲ, 41 ಅಂಗುಲ ಎತ್ತರದ ‘ಒನ್ ಶೀಟ್’ ಪೋಸ್ಟರನ್ನು ತೊಳೆದು, ಬೆನ್ನಿಗೆ ಆಮ್ಲರಹಿತ ಕಾಗದವನ್ನೂ ಬಟ್ಟೆಯನ್ನೂ ಪಿಷ್ಟದ ಅಂಟಿನಿಂದ ಕೂಡಿಸಿ, ಮಡಿಕೆಗಳಲ್ಲಿ ಉದುರಿದ ಬಣ್ಣವನ್ನು ಕುಂಚದಿಂದ ತುಂಬುತ್ತಾರೆ. ಇಲ್ಲಿ ಎರಡು ಬೇರೆ ಕೆಲಸಗಳು ಒಂದೇ ಹೆಸರಿನಡಿ ಸೇರಿಕೊಂಡಿವೆ. ಮರದ ತಿರುಳಿನ ಅಗ್ಗದ ಕಾಗದ ತನ್ನೊಳಗಿನ ಆಮ್ಲದಿಂದಲೇ ಹಳದಿಗಟ್ಟಿ ಪುಡಿಯಾಗುತ್ತದೆ. ಅದನ್ನು ತಡೆಯುವುದು ರಕ್ಷಣೆ. ಇಲ್ಲದ ಬಣ್ಣವನ್ನು ಇದೆಯೆಂಬಂತೆ ತೋರಿಸುವುದು ಪುನಾರಚನೆ. ಮೊದಲನೆಯದಕ್ಕೆ ತಕರಾರಿಲ್ಲ. ಎರಡನೆಯದು ಕೇಡು ಮಾಡುವುದು ಎಲ್ಲಿ ಎಂಬುದೇ ಪ್ರಶ್ನೆ.

‘ವಿಂಡೋ ಕಾರ್ಡ್’ ಎಂಬ ಚಿಕ್ಕ ಪೋಸ್ಟರುಗಳ ಗತಿಯನ್ನು ನೋಡಬಹುದು. ಅವುಗಳ ತಲೆಯ ಭಾಗವನ್ನು ಖಾಲಿ ಬಿಟ್ಟಿರುತ್ತಿದ್ದರು. ಊರಿನ ಟಾಕೀಸಿನ ಹೆಸರು, ಪ್ರದರ್ಶನದ ದಿನ ಅಲ್ಲಿ ಅಚ್ಚಾಗುತ್ತಿದ್ದವು. ಅಂದಗೆಡಿಸುತ್ತದೆಂದು ಆ ಪಟ್ಟಿಯನ್ನೇ ಕತ್ತರಿಸಿ ಹಾಕಿದ ಕಾರ್ಡುಗಳು ಈಗಲೂ ಮಾರಾಟಕ್ಕೆ ಬರುತ್ತವೆ. ಸಿನಿಮಾದ ಹೆಸರು ಉಳಿಯಿತು, ಊರು ಹೋಯಿತು. ಪೆನ್ಸಿಲ್ವೇನಿಯಾದ ಬರ್ವಿಕ್‌ನ ಅಟ್ಟವೊಂದರಲ್ಲಿ ದೊರೆತು 2012ರಲ್ಲಿ ಹರಾಜಾದ 33 ಪೋಸ್ಟರುಗಳು ಅಂಟಿನಿಂದ ಒಂದರ ಮೇಲೊಂದು ಮೆತ್ತಿಕೊಂಡಿದ್ದವು, ಹಬೆಯಾಡಿಸಿ ಬಿಡಿಸಬೇಕಾಯಿತು. ಇಂಥ ಕಟ್ಟನ್ನು ಬಿಡಿಸುವಾಗ ಯಾವುದರ ಮೇಲೆ ಯಾವುದಿತ್ತೆಂದು ಬರೆದಿಡದಿದ್ದರೆ, ಯಾವ ಆಟದ ನಂತರ ಯಾವ ಆಟ ಬಂತೆಂಬ ದಿನಚರಿಯೇ ಅಳಿಸಿಹೋಗುತ್ತದೆ.

ಕನ್ನಡ ಸಿನಿಮಾದ ಮಟ್ಟಿಗೆ ಇದು ದೂರದ ಮಾತಲ್ಲ. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ (1934) ತಯಾರಾದದ್ದು ಕೊಲ್ಹಾಪುರದಲ್ಲಿ; ಅದರ ಪ್ರತಿ ಉಳಿದಿಲ್ಲ. ಸುರುಳಿಯೇ ಇಲ್ಲದ ಸಿನಿಮಾಕ್ಕೆ ಕಾಗದವೇ ಸಾಕ್ಷಿ. ಇನ್ನೊಂದು ಉದಾಹರಣೆ ಹೆಚ್ಚು ಸೂಕ್ಷ್ಮವಾದುದು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಮರುವರ್ಷ ‘ಬೇಡರ ಕಣ್ಣಪ್ಪ’ ತೆರೆಕಂಡಿತು. ಅದೇ ವರ್ಷ ಅದೇ ನಿರ್ದೇಶಕ ಎಚ್. ಎಲ್. ಎನ್. ಸಿಂಹ, ಅದೇ ನಾಯಕ ರಾಜ್‌ಕುಮಾರ್ ಕೂಡಿ ಅದೇ ಕಥೆಯನ್ನು ತೆಲುಗಿನಲ್ಲಿ ‘ಕಾಳಹಸ್ತಿ ಮಹಾತ್ಮ್ಯಂ’ ಆಗಿ ತಂದರು. ಆ ಸೀಮೆಯಲ್ಲಿ ಶೀರ್ಷಿಕೆ ಹರಿದುಹೋದ ಪೋಸ್ಟರೊಂದು ದೊರೆತರೆ, ಮುಖವನ್ನು ನೋಡಿ ಹೆಸರನ್ನು ತುಂಬುವವನು ಒಂದು ಭಾಷೆಯ ಸಿನಿಮಾವನ್ನು ಇನ್ನೊಂದಕ್ಕೆ ದಾಟಿಸಿಬಿಡಬಹುದು. ಕನ್ನಡ ಶೀರ್ಷಿಕೆಯ ಕೆಳಗೆ ಟಾಕೀಸಿನವರು ತೆಲುಗಿನಲ್ಲಿ ಬರೆದು ಅಂಟಿಸಿದ ಚೀಟಿಯಿದ್ದರಂತೂ, ಆ ಊರಿನಲ್ಲಿ ಕೇಳುವ ಭಾಷೆ ಯಾವುದು, ಓದುವ ಲಿಪಿ ಯಾವುದು ಎಂಬ ವಿಚಾರಕ್ಕೆ ಅದಕ್ಕಿಂತ ನೇರವಾದ ಪುರಾವೆ ಸಿಗುವುದು ಕಷ್ಟ. ಜನಗಣತಿಯ ಕೋಷ್ಟಕದಲ್ಲಿ ಅದು ಕಾಣದು. ಪೋಸ್ಟರನ್ನು ‘ಶುದ್ಧ’ಗೊಳಿಸುವವನು ಮೊದಲು ಕಿತ್ತೆಸೆಯುವುದು ಆ ಚೀಟಿಯನ್ನೇ.

ಸವೆತವನ್ನು ಪೂಜಿಸುವವರ ನಿಲುವೂ ಒಪ್ಪತಕ್ಕುದಲ್ಲ. ಗೋಡೆಗೆ ಮೆತ್ತಿದ ಪೋಸ್ಟರು ಮಳೆಗೋ, ಮೈದಾ ಅಂಟಿನ ಆಸೆಗೆ ಬಂದ ಹಸುವಿಗೋ ಸಲ್ಲುತ್ತದೆ. ಚೊಕ್ಕಟವಾಗಿ ಉಳಿದದ್ದು ಬಹುಮಟ್ಟಿಗೆ ಗೋಡೆಯನ್ನೇ ಕಾಣದ ಪ್ರತಿ. ಆದ್ದರಿಂದ ಸವೆತಕ್ಕೆ ಮಾತಿದೆ ನಿಜ. ಆದರೆ ಎಲ್ಲ ಸವೆತವೂ ಒಂದೇ ಅಲ್ಲ. ಮಡಿಕೆಯ ಗೆರೆ ಸಾಗಣೆಯ ಗುರುತು, ಚೀಟಿ ಪ್ರದರ್ಶನದ ಗುರುತು. ಸಂಗ್ರಾಹಕನ ಗೋದಾಮಿನ ತೇವದ ಕಲೆ, ಸೆಲೋಟೇಪಿನ ಕಂದು ಗೋಂದು, ಗೆದ್ದಲಿನ ತೂತು ಯಾವ ಚರಿತ್ರೆಯನ್ನೂ ಹೇಳವು. ಇವುಗಳನ್ನು ಹಾಗೆಯೇ ಬಿಡುವುದಕ್ಕೆ ಅಲಕ್ಷ್ಯವೆಂದೇ ಹೆಸರು.

ಇಟಲಿಯ ಚೆಸಾರೆ ಬ್ರಾಂಡಿ 1963ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಕಲಾಕೃತಿಗೆ ಸೌಂದರ್ಯದ ಹಕ್ಕು, ಇತಿಹಾಸದ ಹಕ್ಕು ಎರಡೂ ಉಂಟೆಂದು ವಾದಿಸಿದ. ಅವನ ಮಾರ್ಗದಲ್ಲಿ ಕಳೆದುಹೋದ ಭಾಗವನ್ನು ನವುರಾದ ಲಂಬಗೆರೆಗಳಿಂದ ತುಂಬುತ್ತಾರೆ. ದೂರದಿಂದ ಚಿತ್ರ ಇಡಿಯಾಗಿ ಕಾಣುತ್ತದೆ, ಹತ್ತಿರ ಬಂದರೆ ತುಂಬಿದ ಜಾಗ ಬೇರೆಯೆಂದು ತಿಳಿಯುತ್ತದೆ. ಪೋಸ್ಟರಿನ ಆಕಾಶಕ್ಕೆ, ಸೀರೆಯ ಸೆರಗಿಗೆ ಈ ಉಪಾಯ ಸಾಕು. ಅಕ್ಷರಕ್ಕೆ ಸಾಲದು. ಅಕ್ಷರದಲ್ಲಿ ಮುಕ್ಕಾಲು ನಿಜವೆಂಬುದಿಲ್ಲ. ಶಾಸನ ಸಂಪಾದಕರು ಅಳಿದ ಅಕ್ಷರಗಳಿಗೆ ಚುಕ್ಕಿಯನ್ನೂ, ಊಹಿಸಿದವುಗಳಿಗೆ ಕಂಸವನ್ನೂ ಬಳಸುತ್ತ ಬಂದಿದ್ದಾರೆ. ಕನ್ನಡ ವಿದ್ವತ್ತಿಗೆ ಹೊಸದಲ್ಲದ ಆ ಶಿಸ್ತು ಕಾಗದಕ್ಕೂ ಅನ್ವಯಿಸಬೇಕಾದುದು. ದೇವಾಲಯದ ಜೀರ್ಣೋದ್ಧಾರದಲ್ಲಿ ಶಾಸನದ ಕಲ್ಲಿಗೆ ಸುಣ್ಣ ಬಳಿದುದನ್ನು ಕಂಡು ಮರುಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹರಕು ಕಾಗದವನ್ನು ಪ್ರದರ್ಶನಕ್ಕಿಟ್ಟರೆ ಜನ ನಿಂತು ನೋಡುವುದಿಲ್ಲ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತೊಟ್ಟು ಮರಳಿ ಬಂದವು. ಮೆಚ್ಚಿದವರೂ ಉಂಟು, ಮುಖ ತಿರುಗಿಸಿದವರೂ ಉಂಟು. ಆದರೆ ಗಣಕದಲ್ಲಿ ಹಚ್ಚಿದ ಆ ಬಣ್ಣ ಮೂಲದ ಕಪ್ಪುಬಿಳುಪನ್ನು ಅಳಿಸಲಿಲ್ಲ. ಪೋಸ್ಟರಿಗೂ ಅದೇ ದಾರಿ ತೆರೆದಿದೆ: ಊಹೆ, ಪೂರಣ, ಹೊಳಪು ಎಲ್ಲವೂ ಸ್ಕ್ಯಾನ್ ಪ್ರತಿಯಲ್ಲಿ ನಡೆಯಲಿ. ಮೂಲಕ್ಕೆ ಬೇಕಾದುದು ನೀರಿಗೆ ಬಿಡುವ ಅಂಟು, ಬೆನ್ನಿಗೊಂದು ತೆಳು ಜಪಾನಿ ಕಾಗದ. ಚೀಟಿಯ ಕೆಳಗೆ ಮುಚ್ಚಿಹೋದ ಸಾಲನ್ನು ಓದಲೇಬೇಕಾದರೆ ಮೊದಲು ಛಾಯಾಚಿತ್ರ ತೆಗೆದು, ಚೀಟಿಯನ್ನು ಬಿಡಿಸಿ, ಓದಿ, ಅದೇ ಜಾಗಕ್ಕೆ ಒಂದಂಚಿನಿಂದ ಮಾತ್ರ ಕೂಡಿಸಬಹುದು. ಮುಂದೆ ಬರುವ ಓದುಗ ಅದನ್ನು ಎತ್ತಿ ನೋಡಿಕೊಳ್ಳುತ್ತಾನೆ.