ಕಾಲೇಜು ಬಾಸ್ಕೆಟ್‌ಬಾಲ್: ಪ್ರಶಸ್ತಿಪಟ್ಟಿ ಓದುವ ಬಗೆ

ಅಮೆರಿಕದಲ್ಲಿ ಕಾಲೇಜು ಬಾಸ್ಕೆಟ್‌ಬಾಲ್ ನವೆಂಬರ್‌ನಲ್ಲಿ ಶುರುವಾದರೆ, ಮಾರ್ಚ್ ಹೊತ್ತಿಗೆ ಪ್ರಶಸ್ತಿಗಳ ಸುಗ್ಗಿ. ‘ವರ್ಷದ ಆಟಗಾರ’ ಬಿರುದನ್ನೇ ಐದಾರು ಕಡೆಯಿಂದ ಕೊಡುವುದನ್ನು ಕಂಡು ಹೊಸಬರು ತಬ್ಬಿಬ್ಬಾಗುತ್ತಾರೆ. ಪಟ್ಟಿಯ ರುಚಿ ಹತ್ತಬೇಕಾದರೆ ಮೂರು ಪ್ರಶ್ನೆ ಕೇಳಿಕೊಳ್ಳಿ.

ಕೊಡುವವರು ಯಾರು?

ನೈಸ್ಮಿತ್ ಪ್ರಶಸ್ತಿಗೆ 1891ರಲ್ಲಿ ಈ ಆಟವನ್ನು ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್‌ರ ಹೆಸರು. ವುಡನ್ ಪ್ರಶಸ್ತಿಗೆ ಯುಸಿಎಲ್‌ಎ ತಂಡಕ್ಕೆ 10 ರಾಷ್ಟ್ರೀಯ ಕಿರೀಟ ತಂದ ಕೋಚ್ ಜಾನ್ ವುಡನ್‌ರದು. ಆಸ್ಕರ್ ರಾಬರ್ಟ್‌ಸನ್ ಟ್ರೋಫಿ ಬಾಸ್ಕೆಟ್‌ಬಾಲ್ ಬರಹಗಾರರ ಸಂಘದ್ದು. ಅಸೋಸಿಯೇಟೆಡ್ ಪ್ರೆಸ್ (ಎಪಿ) ಸುದ್ದಿಸಂಸ್ಥೆಯೂ ಕೋಚ್‌ಗಳ ಸಂಘವೂ ತಮ್ಮ ತಮ್ಮ ಆಯ್ಕೆ ಪ್ರಕಟಿಸುತ್ತವೆ. ಒಬ್ಬರೇ ಎಲ್ಲವನ್ನೂ ಬಾಚಿಕೊಂಡರೆ ಆ ವರ್ಷ ವಾದಕ್ಕೆ ಎಡೆಯಿಲ್ಲ. ಹಂಚಿಹೋದರೆ ಪೈಪೋಟಿ ನಿಜಕ್ಕೂ ಬಿಗಿಯಾಗಿತ್ತು ಎಂದರ್ಥ.

ಯಾವ ಆಟಕ್ಕೆ?

ಎಪಿ ಮತದಾರರು ಮಾರ್ಚ್‌ನ ನಾಕೌಟ್ ಟೂರ್ನಿಗೆ ಮೊದಲೇ ಮತ ಹಾಕಿ ಮುಗಿಸುತ್ತಾರೆ. ಗೌರವ ಸಲ್ಲುವುದು ಚಳಿಗಾಲವಿಡೀ ನಡೆದ ದುಡಿಮೆಗೆ. 2023ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ 7 ಅಡಿ 4 ಅಂಗುಲದ ಝ್ಯಾಕ್ ಈಡಿ ಪಂದ್ಯಕ್ಕೆ ಸರಾಸರಿ 22 ಅಂಕ ಗಳಿಸಿದ್ದರು. ಅಗ್ರ ಶ್ರೇಯಾಂಕದ ಅವರ ತಂಡ ಮೊದಲ ಸುತ್ತಿನಲ್ಲೇ 16ನೇ ಶ್ರೇಯಾಂಕದ ಫೇರ್ಲಿ ಡಿಕಿನ್ಸನ್ ಎದುರು 63-58ರಿಂದ ಮುಗ್ಗರಿಸಿತು. ಆದರೂ ವರ್ಷದ ಆಟಗಾರ ಈಡಿಯೇ. ಮರುವರ್ಷವೂ ಅವರೇ. 2024ರ ಫೈನಲ್‌ನಲ್ಲಿ ಅವರು 37 ಅಂಕ ಹೊಡೆದರೂ ಎದುರಾಳಿ ಕನೆಕ್ಟಿಕಟ್ ಗೆದ್ದಿತು. ಟೂರ್ನಿಯ ಶ್ರೇಷ್ಠ ಆಟಗಾರನ ಗೌರವ ಗೆದ್ದ ತಂಡದ ಟ್ರಿಸ್ಟನ್ ನ್ಯೂಟನ್‌ಗೆ ಹೋಯಿತು. ಒಂದು ಬಿರುದು ಸೀಸನ್‌ನದು, ಇನ್ನೊಂದು ಟೂರ್ನಿಯದು. ಒಂದನ್ನು ಹಿಡಿದು ಇನ್ನೊಂದನ್ನು ಅಳೆಯಬೇಡಿ.

ಯಾವ ಕಾಲದ ನಿಯಮ?

ಎಲ್‌ಎಸ್‌ಯು ತಂಡದ ಪೀಟ್ ಮರಾವಿಚ್ 1970ಕ್ಕೆ ಕಾಲೇಜು ಆಟ ಮುಗಿಸಿದಾಗ 83 ಪಂದ್ಯಗಳಲ್ಲಿ 3,667 ಅಂಕ ಗಳಿಸಿದ್ದರು. ಆಗ ಮೂರಂಕದ ಗೆರೆ ಇರಲಿಲ್ಲ. ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಮುಖ್ಯ ತಂಡದಲ್ಲಿ ಆಡಲು ಅವಕಾಶವೂ ಇರಲಿಲ್ಲ. ಅಯೋವಾ ಮಹಿಳಾ ತಂಡದ ಕೇಟ್ಲಿನ್ ಕ್ಲಾರ್ಕ್ 2024ರಲ್ಲಿ ಆ ಮೊತ್ತ ದಾಟಿ 3,951ಕ್ಕೆ ನಿಂತರು. ಆಡಿದ್ದು 139 ಪಂದ್ಯ, ಆಯುಧ ದೂರದಿಂದ ಎಸೆವ ಮೂರಂಕ. ಇಬ್ಬರಲ್ಲಿ ದೊಡ್ಡವರು ಯಾರೆಂಬ ಜಗಳ ಬಿಟ್ಟು, ತಮ್ಮ ಕಾಲದ ನಿಯಮದೊಳಗೆ ಯಾರು ಏನು ಸಾಧಿಸಿದರು ಎಂದು ನೋಡಿ.

ಇನ್ನು ಅಂಗಳಕ್ಕೆ

ಪಟ್ಟಿಯಿಂದ ಒಂದು ಹೆಸರು ಆರಿಸಿ, ಅವರ ಒಂದು ಪೂರ್ಣ ಪಂದ್ಯ ನೋಡಿ. ಚೆಂಡಿನ ಬೆನ್ನು ಹತ್ತದೆ ಆ ಆಟಗಾರನ ಮೇಲೇ ಕಣ್ಣಿಡಿ. ಈಡಿ ಬುಟ್ಟಿಯ ಬಳಿ ನಿಂತರೆ ಇಬ್ಬರು ಎದುರಾಳಿಗಳು ಅವರಿಗೇ ಅಂಟಿಕೊಳ್ಳುತ್ತಿದ್ದರು. ಹೊರಗೆ ಜೊತೆಗಾರನೊಬ್ಬ ಒಂಟಿಯಾಗಿ ಉಳಿದು ನಿರಾಳವಾಗಿ ಗುರಿಯಿಡುತ್ತಿದ್ದ. ಆ ಮೂರಂಕ ಜೊತೆಗಾರನ ಲೆಕ್ಕಕ್ಕೆ ಸೇರುತ್ತದೆ. ಅದರಲ್ಲಿ ಈಡಿಯ ಪಾಲನ್ನು ಗುರುತಿಸಬಲ್ಲಿರಾದರೆ, ಮುಂದಿನ ವರ್ಷ ನಿಮ್ಮದೇ ಮತ ಹಾಕಬಹುದು.